ಲಸಿಕೆಗೂ ಒಂದು ಅನುಪಾನ: ಮಂಡ್ಯ ಸೀಮೆಯ ದನಕರುಗಳು ಮತ್ತು ಅಹಿಂಸೆಯ ಲೆಕ್ಕ

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಹಳ್ಳಿಗಳಿಗೆ ವರ್ಷಕ್ಕೆ ಎರಡು ಬಾರಿ ಪಶುಪಾಲನಾ ಇಲಾಖೆಯ ಸಿಬ್ಬಂದಿ ತಂಪು ಪೆಟ್ಟಿಗೆ ಹೊತ್ತು ಬರುತ್ತಾರೆ. ಕಾಲುಬಾಯಿ ಜ್ವರದ ಲಸಿಕೆ ಹಾಕುವ ಕೆಲಸ. ಪ್ರತಿ ಸುತ್ತಿನಲ್ಲೂ ಅವರಿಗೆ ಎದುರಾಗುವ ಮಾತುಗಳು ಹೆಚ್ಚುಕಡಿಮೆ ಒಂದೇ. ಸೂಜಿ ಚುಚ್ಚಿದರೆ ಹಾಲು ಕಡಿಮೆಯಾಗುತ್ತದೆ, ಗಬ್ಬದ ಹಸು ಕಂದು ಹಾಕುತ್ತದೆ, ಕುತ್ತಿಗೆಯಲ್ಲಿ ಗಂಟು ಕಟ್ಟುತ್ತದೆ, ಅದರಲ್ಲಿ ಏನೋ ಕೆಮಿಕಲ್ ಬೆರೆಸಿರುತ್ತಾರೆ. ದನ ಸಾಕುವ ಜೈನ ಮನೆಗಳಲ್ಲಿ ಮತ್ತು ಗೋಶಾಲೆ ನಡೆಸುವವರಲ್ಲಿ ಇನ್ನೂ ಒಂದು ಪ್ರಶ್ನೆ ಸೇರಿಕೊಳ್ಳುತ್ತದೆ: ಆ ಲಸಿಕೆಯಲ್ಲಿ ಪ್ರಾಣಿಜನ್ಯ ವಸ್ತು ಇದೆಯೇ, ಒಂದು ಜೀವವನ್ನು ಉಳಿಸಲು ಇನ್ನೊಂದನ್ನು ನೋಯಿಸಲಾಗಿದೆಯೇ?

ಎರಡೂ ಪ್ರಶ್ನೆಗಳು ನ್ಯಾಯವಾದವೇ. ಆದರೆ ಅನುಮಾನದ ಬೆರಳು ಸಾಮಾನ್ಯವಾಗಿ ತಪ್ಪು ಕಡೆ ತೋರುತ್ತದೆ. 'ಕೆಮಿಕಲ್' ಎಂದು ಜನ ಅಂಜುವ ಆ ವಸ್ತುವೇ ಹಸುವಿಗೆ ಬೀಳುವ ಚುಚ್ಚುಮದ್ದುಗಳ ಸಂಖ್ಯೆಯನ್ನು ಕಡಿಮೆ ಮಾಡುವಂಥದ್ದು. ಪ್ರಾಣಿಹಿಂಸೆಯ ಲೆಕ್ಕ ನೋಡಿದರೂ ಲಸಿಕೆಯೊಳಗಿನ ಉಳಿದ ಭಾಗಗಳಿಗಿಂತ ಅದೇ ಹೆಚ್ಚು ನಿರ್ದೋಷಿ.

ಮೊದಲು ಅದು ಏನೆಂದು ತಿಳಿಯಬೇಕು. ಇಂಗ್ಲಿಷಿನಲ್ಲಿ ಅದಕ್ಕೆ ಅಡ್ಜುವೆಂಟ್ ಎನ್ನುತ್ತಾರೆ. 'ನೆರವಾಗು' ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದದಿಂದ ಬಂದ ಮಾತು. ನಮ್ಮ ವೈದ್ಯಪದ್ಧತಿಯಲ್ಲಿ ಇದಕ್ಕೆ ಹತ್ತಿರದ ಕಲ್ಪನೆ ಅನುಪಾನ. ಚೂರ್ಣವನ್ನು ಬರಿದೇ ನುಂಗದೆ ತುಪ್ಪದಲ್ಲೋ ಬೆಲ್ಲದಲ್ಲೋ ಬಿಸಿನೀರಿನಲ್ಲೋ ಕೊಡುತ್ತಾರಲ್ಲ, ಹಾಗೆ. ಮದ್ದು ಬೇರೆ, ಮದ್ದಿನ ಕೆಲಸವನ್ನು ಹೆಚ್ಚಿಸುವ ಜೊತೆಗಾರ ಬೇರೆ. ಲಸಿಕೆಯಲ್ಲಿ ಮದ್ದಿನ ಜಾಗದಲ್ಲಿರುವುದು ಸತ್ತ ವೈರಸ್. ಅದರ ಜೊತೆಗಾರ ಈ ಸಹಾಯಕ ದ್ರವ್ಯ.

ಸತ್ತ ವೈರಸ್ಸಿಗೆ ಜೊತೆಗಾರ ಏಕೆ ಬೇಕು ಎಂಬುದೂ ಸರಳ. ಜೀವಂತ ವೈರಸ್ ದೇಹದೊಳಗೆ ಹೋದರೆ ತಾನೇ ವೃದ್ಧಿಯಾಗಿ ಗದ್ದಲ ಮಾಡುತ್ತದೆ, ರೋಗನಿರೋಧಕ ವ್ಯವಸ್ಥೆಗೆ ಎಚ್ಚರಿಕೆ ತಾನಾಗಿ ಮುಟ್ಟುತ್ತದೆ. ಕೊಂದು ಶುದ್ಧಮಾಡಿದ ವೈರಸ್ ಹಾಗಲ್ಲ. ದೇಹ ಅದನ್ನು ಕಸದಂತೆ ಬೇಗ ಗುಡಿಸಿಬಿಡುತ್ತದೆ, ಗುರುತು ಇಟ್ಟುಕೊಳ್ಳುವುದಿಲ್ಲ. ಸಹಾಯಕ ದ್ರವ್ಯ ಎರಡು ಕೆಲಸ ಮಾಡುತ್ತದೆ. ಚುಚ್ಚಿದ ಜಾಗದಲ್ಲಿ ವೈರಸ್ಸಿನ ಕಣಗಳನ್ನು ಹಿಡಿದಿಟ್ಟು ಸ್ವಲ್ಪಸ್ವಲ್ಪವಾಗಿ ಬಿಡುತ್ತದೆ. ಅದೇ ಜಾಗದಲ್ಲಿ ಸಣ್ಣ ಉರಿಯೂತ ಎಬ್ಬಿಸಿ ಕಾವಲು ಜೀವಕೋಶಗಳನ್ನು ಕರೆಯುತ್ತದೆ. ಅವು ಕಣಗಳನ್ನು ನುಂಗಿ ಹತ್ತಿರದ ದುಗ್ಧಗ್ರಂಥಿಗೆ ಒಯ್ದು ಶತ್ರುವಿನ ಚಹರೆಯನ್ನು ತೋರಿಸುತ್ತವೆ. ಹಸುವಿನ ಕುತ್ತಿಗೆಯಲ್ಲಿ ಎರಡು ದಿನ ಕಾಣುವ ಊತ ಬಹುಪಾಲು ಇದೇ. ಅಂದರೆ ಲಸಿಕೆ ಕೆಲಸ ಶುರುಮಾಡಿದೆ ಎಂಬುದರ ಗುರುತು. ಊತ ವಾರ ಕಳೆದರೂ ಇಳಿಯದೆ ಬೆಳೆಯುತ್ತ ಹೋದರೆ ಅಥವಾ ಕೀವು ಕಟ್ಟಿದರೆ ಕೊಳಕು ಸೂಜಿಯನ್ನು ಅನುಮಾನಿಸಬೇಕು.

ಈ ವಿದ್ಯೆ ಹುಟ್ಟಿದ್ದೇ ಪಶುವೈದ್ಯನೊಬ್ಬನ ಕುತೂಹಲದಿಂದ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಗ್ಯಾಸ್ಟನ್ ರಾಮನ್ ಎಂಬಾತ ಗಂಟಲಮಾರಿ ರೋಗದ ಪ್ರತಿವಿಷವನ್ನು ಕುದುರೆಗಳಿಂದ ಪಡೆಯುತ್ತಿದ್ದ. ಚುಚ್ಚಿದ ಜಾಗದಲ್ಲಿ ಬಾವು ಬಂದ ಕುದುರೆಗಳ ರಕ್ತದಲ್ಲಿ ಪ್ರತಿವಿಷ ಹೆಚ್ಚಿರುವುದನ್ನು ಕಂಡು, 1920ರ ದಶಕದ ನಡುವೆ ಬೇಕೆಂದೇ ಬ್ರೆಡ್ಡಿನ ಪುಡಿ, ಮರಗೆಣಸಿನ ಹಿಟ್ಟು ಬೆರೆಸಿ ನೋಡಿದ. ನಮ್ಮ ಸಬ್ಬಕ್ಕಿ ಆಗುವುದೂ ಅದೇ ಹಿಟ್ಟಿನಿಂದ. ಫಲಿತಾಂಶ ಚೆನ್ನಾಗಿಯೇ ಬಂತು. 1926ರಲ್ಲಿ ಲಂಡನ್ನಿನಲ್ಲಿ ಅಲೆಕ್ಸಾಂಡರ್ ಗ್ಲೆನಿ ಮತ್ತು ಸಂಗಡಿಗರು ಪಟಿಕವನ್ನು ಬಳಸಿದರು. ಕ್ಷೌರಿಕರ ಪೆಟ್ಟಿಗೆಯಲ್ಲಿರುವ, ಕೊಳದ ನೀರು ತಿಳಿಯಾಗಲು ಹಾಕುವ ಅದೇ ಪಟಿಕ. ಅದರ ವಂಶದ ಅಲ್ಯೂಮಿನಿಯಂ ಲವಣಗಳು ನೂರು ವರ್ಷವಾದರೂ ಮನುಷ್ಯರ ಮತ್ತು ಪ್ರಾಣಿಗಳ ಲಸಿಕೆಗಳಲ್ಲಿ ಉಳಿದುಕೊಂಡಿವೆ. ಮಕ್ಕಳಿಗೆ ಹಾಕಿಸುವ ಧನುರ್ವಾಯು, ನಾಯಿಕೆಮ್ಮಿನ ಚುಚ್ಚುಮದ್ದಿನಲ್ಲಿಯೂ ಇರುವುದು ಅದೇ.

ಮೂರನೆಯ ದಾರಿ ಎಣ್ಣೆಯದು. ಜೂಲ್ಸ್ ಫ್ರಾಯಿಂಡ್ ಖನಿಜ ತೈಲದಲ್ಲಿ ಸತ್ತ ಕ್ಷಯದ ಬ್ಯಾಕ್ಟೀರಿಯಾ ಬೆರೆಸಿ ಬಹಳ ಪ್ರಬಲವಾದ ಮಿಶ್ರಣ ಮಾಡಿದ. ಪ್ರಾಬಲ್ಯ ಎಷ್ಟೋ ನೋವೂ ಅಷ್ಟೇ. ಅದನ್ನು ಚುಚ್ಚಿದ ಪ್ರಾಣಿಗಳಿಗೆ ಆಳವಾದ ಗಂಟು, ಹುಣ್ಣು ಆಗುತ್ತಿದ್ದವು. ಪ್ರಯೋಗಾಲಯಗಳಲ್ಲೂ ಅದರ ಬಳಕೆಗೆ ಇಂದು ಕಟ್ಟುಪಾಡುಗಳಿವೆ. ಈ ಸಂಗತಿಯನ್ನು ಮುಚ್ಚಿಡಬೇಕಿಲ್ಲ. ಪ್ರತಿಯೊಂದು ಸಹಾಯಕ ದ್ರವ್ಯವೂ ರಕ್ಷಣೆ ಮತ್ತು ನೋವಿನ ನಡುವಿನ ಒಂದು ಒಪ್ಪಂದ. ನಂತರದ ತೊಂಬತ್ತು ವರ್ಷಗಳ ಸಂಶೋಧನೆ ನಡೆದಿರುವುದೇ ಆ ಒಪ್ಪಂದವನ್ನು ಪ್ರಾಣಿಯ ಪರವಾಗಿ ವಾಲಿಸಲು.

ಈಗ ಮಂಡ್ಯದ ಕೊಟ್ಟಿಗೆಗೆ ಬರೋಣ. ಕಾಲುಬಾಯಿ ಜ್ವರ ದೊಡ್ಡ ದನಗಳನ್ನು ಹೆಚ್ಚಾಗಿ ಕೊಲ್ಲುವುದಿಲ್ಲ ಎಂಬ ಮಾತು ಪುಸ್ತಕದಲ್ಲಿದೆ. 2013ರಲ್ಲಿ ದಕ್ಷಿಣ ಕರ್ನಾಟಕದ ಜಿಲ್ಲೆಗಳಲ್ಲಿ ಆ ಮಾತು ಸುಳ್ಳಾಯಿತು. ಸಾವಿರಾರು ರಾಸುಗಳು ಸತ್ತವು, ಅದರಲ್ಲೂ ಹಾಲು ಕೊಡುವ ಮಿಶ್ರತಳಿಯ ಹಸುಗಳು ಮತ್ತು ಎಳೆಗರುಗಳು. ಬದುಕಿ ಉಳಿದವುಗಳ ಕಷ್ಟವೂ ಸಣ್ಣದಲ್ಲ. ನಾಲಿಗೆಯ ಸಿಪ್ಪೆ ಸುಲಿದು ಮೇವು ಮುಟ್ಟಲಾರದೆ, ಗೊರಸಿನ ಸಂದಿಯಲ್ಲಿ ಹುಣ್ಣಾಗಿ ನಿಲ್ಲಲಾರದೆ ವಾರಗಟ್ಟಲೆ ನರಳುತ್ತವೆ. ಕರುಗಳಲ್ಲಿ ವೈರಸ್ ಹೃದಯದ ಸ್ನಾಯುವಿಗೇ ನುಗ್ಗುತ್ತದೆ; ಹಾಲು ಕುಡಿಯುತ್ತಿದ್ದ ಕರು ನಿಂತಲ್ಲೇ ಕುಸಿಯುತ್ತದೆ. ವಾಸಿಯಾದ ಹಸು ಹಲವೊಮ್ಮೆ ಬಿಸಿಲು ತಡೆಯಲಾರದೆ ತೇಕುತ್ತ, ಬೆದೆಗೆ ಬಾರದೆ, ಹಾಲು ಬತ್ತಿ, ಕೊನೆಗೆ ಮಾರಾಟಕ್ಕೆ ನಿಲ್ಲುತ್ತದೆ. ಆ ಮಾರಾಟ ಎಲ್ಲಿಗೆ ಮುಟ್ಟುತ್ತದೆ ಎಂಬುದು ಓದುಗರಿಗೆ ಗೊತ್ತಿರುವುದೇ.

ಈ ಮೂರು ತಾಲ್ಲೂಕುಗಳಿಗೆ ಹಾಲು ಬರಿಯ ಉಪಕಸುಬಲ್ಲ. ವಿಶ್ವೇಶ್ವರಯ್ಯ ನಾಲೆಯ ನೀರು, ಕಬ್ಬು, ಭತ್ತ ಇದ್ದರೂ, ನಾಲೆಗೆ ನೀರು ಬಿಡದ ವರ್ಷ ಮನೆ ನಡೆಸುವುದು ಹಸು. ಜಿಲ್ಲಾ ಹಾಲು ಒಕ್ಕೂಟ ಮನ್‌ಮುಲ್ ಇರುವುದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ. ಹಳ್ಳಿಯ ಡೇರಿಗೆ ಬೆಳಗ್ಗೆ ಸಂಜೆ ಹಾಕಿದ ಹಾಲಿನ ಹಣ ನೇರವಾಗಿ ಹೆಣ್ಣುಮಕ್ಕಳ ಕೈಗೆ ಬರುವ ಮನೆಗಳು ಎಷ್ಟೋ. ಹಾಗಾಗಿ ಲಸಿಕೆ ಹಾಕಿದ ಮೇಲೆ ಒಂದೆರಡು ದಿನ ಹಾಲು ತುಸು ಇಳಿಯುತ್ತದೆ ಎಂಬ ದೂರನ್ನು ಹಗುರವಾಗಿ ಕಾಣಬಾರದು. ಅದು ನಿಜವೂ ಹೌದು. ಸಣ್ಣ ಜ್ವರ ಬಂದ ಹಸು ಮೇವು ಕಡಿಮೆ ತಿನ್ನುತ್ತದೆ, ಹಾಲು ಇಳಿಸುತ್ತದೆ, ಮತ್ತೆ ಚೇತರಿಸಿಕೊಳ್ಳುತ್ತದೆ. ಸಿಬ್ಬಂದಿ ಇದನ್ನು ಮೊದಲೇ ಹೇಳಿಬಿಟ್ಟರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ. ಏನೂ ಆಗುವುದಿಲ್ಲ ಎಂದು ಭರವಸೆ ಕೊಟ್ಟು ಹೋದಾಗ ಮುಂದಿನ ಸುತ್ತಿಗೆ ಬಾಗಿಲು ಮುಚ್ಚುತ್ತದೆ.

ಗಬ್ಬದ ಹಸುವಿನ ವಿಷಯದಲ್ಲಿ ಭಯ ಹೆಚ್ಚು, ಆಧಾರ ಕಡಿಮೆ. ಕಾಲುಬಾಯಿ ಲಸಿಕೆಯಲ್ಲಿರುವ ವೈರಸ್ ಸತ್ತದ್ದು, ಅದು ಕರುಳಿನ ಕೂಸನ್ನು ಮುಟ್ಟಲಾರದು. ದಿನ ತುಂಬಿದ ಹಸುವನ್ನು ನಾಲ್ಕು ಜನ ಹಗ್ಗ ಬಿಗಿದು ಕೆಡವುವ ಒರಟುತನವೇ ಅಪಾಯಕಾರಿ. ಮಾತಾಡಿಸಿ, ಮೈ ಸವರಿ, ಕಟ್ಟಿದಲ್ಲೇ ಚುಚ್ಚಿದರೆ ಸಾಕು. ಅದಕ್ಕೆ ಪ್ರತಿಯಾಗಿ ನಿಜವಾದ ಕಾಲುಬಾಯಿ ಜ್ವರ ಬಂದರೆ, ಜ್ವರದ ತಾಪಕ್ಕೇ ಗರ್ಭಪಾತ ಆಗುವುದುಂಟು.

2019ರ ಸೆಪ್ಟೆಂಬರ್‌ನಲ್ಲಿ ಮಥುರಾದಲ್ಲಿ ಪ್ರಧಾನಿ ಚಾಲನೆ ಕೊಟ್ಟ ರಾಷ್ಟ್ರೀಯ ಪ್ರಾಣಿರೋಗ ನಿಯಂತ್ರಣ ಕಾರ್ಯಕ್ರಮದ ಮೂಲಕ ಈಗಿನ ಉಚಿತ ಲಸಿಕೆ ಬರುತ್ತಿದೆ. ಕಾಲುಬಾಯಿ ಮತ್ತು ಕಂದು ರೋಗಗಳಿಗೆಂದು ಐದು ವರ್ಷಕ್ಕೆ 13,343 ಕೋಟಿ ರೂಪಾಯಿ ಎತ್ತಿಟ್ಟು, 2030ರೊಳಗೆ ರೋಗವನ್ನು ಇಲ್ಲವಾಗಿಸುವ ಗುರಿ ಹಾಕಿಕೊಂಡ ಕಾರ್ಯಕ್ರಮ ಅದು. ಕೊಡುವ ಲಸಿಕೆ ಓ, ಎ ಮತ್ತು ಏಷ್ಯಾ-1 ಎಂಬ ಮೂರು ಬಗೆಯ ವೈರಸ್ಸಿಗೆ ಸೇರಿ ಒಂದೇ. ನಾಲ್ಕು ತಿಂಗಳು ತುಂಬಿದ ಕರುವಿಗೆ ಮೊದಲ ಸೂಜಿ, ತಿಂಗಳ ನಂತರ ಬಲವರ್ಧಕ, ಆಮೇಲೆ ಆರು ತಿಂಗಳಿಗೊಮ್ಮೆ.

ಈ ಆರು ತಿಂಗಳು ಎಂಬ ಅಂಕಿ ಬಂದದ್ದು ಸಹಾಯಕ ದ್ರವ್ಯದಿಂದ. ಹಿಂದೆ ಬಳಕೆಯಲ್ಲಿದ್ದುದು ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಜೆಲ್ ಮತ್ತು ಸ್ಯಾಪೋನಿನ್ ಸೇರಿದ ಲಸಿಕೆ. ಸ್ಯಾಪೋನಿನ್ ಎಂದರೆ ನೊರೆ ಬರಿಸುವ ಸಸ್ಯದ್ರವ್ಯ. ನಮ್ಮ ಅಂಟುವಾಳ, ಸೀಗೆಯಲ್ಲಿರುವುದೂ ಅದೇ ಕುಲದ ವಸ್ತು. ಲಸಿಕೆಯದು ಮಾತ್ರ ದಕ್ಷಿಣ ಅಮೆರಿಕದ ಚಿಲಿ ದೇಶದ ಕ್ವಿಲಾಯಾ ಎಂಬ ಮರದ ತೊಗಟೆಯಿಂದ. ಆ ಜೆಲ್ ಲಸಿಕೆ ಬೇಗ ಕೆಲಸ ಮಾಡುತ್ತದೆ, ಆದರೆ ರಕ್ಷಣೆ ಬೇಗ ಇಳಿಯುತ್ತದೆ. ಹಂದಿಗಳಲ್ಲಂತೂ ಸರಿಯಾಗಿ ಹತ್ತುವುದೇ ಇಲ್ಲ. ಕರುಗಳಲ್ಲಿ ತಾಯಿಯ ಗಿಣ್ಣುಹಾಲಿನಿಂದ ಬಂದ ಪ್ರತಿಕಾಯಗಳು ಅದರ ಕೆಲಸಕ್ಕೆ ಅಡ್ಡ ಬರುತ್ತವೆ. ಎಣ್ಣೆಯ ಲಸಿಕೆ ಈ ಮೂರೂ ಕಡೆ ಮೇಲು.

ಮೊದಮೊದಲ ಎಣ್ಣೆ ಲಸಿಕೆಗಳು ನೀರಿನ ಹನಿಗಳು ಎಣ್ಣೆಯೊಳಗೆ ಸಿಕ್ಕಿಕೊಂಡ ಗಟ್ಟಿ ದ್ರವ. ಹರಳೆಣ್ಣೆಯಂತೆ ಮಂದ, ಸೂಜಿಯಲ್ಲಿ ಇಳಿಯುವುದೇ ಕಷ್ಟ, ದನಕ್ಕೂ ನೋವು, ಗಂಟು ದೀರ್ಘ. ನಂತರ ಬಂದದ್ದು ಎರಡು ಪದರದ ಮಿಶ್ರಣ: ಒಳಗೆ ನೀರು, ಅದರ ಸುತ್ತ ಎಣ್ಣೆ, ಹೊರಗೆ ಮತ್ತೆ ನೀರು. ಹೊರಗಿನ ನೀರಿನಿಂದ ಔಷಧಿ ತೆಳುವಾಗಿ ಸಲೀಸಾಗಿ ಹರಿಯುತ್ತದೆ, ಹೊರಪದರದ ವೈರಸ್ ಕಣಗಳು ತಕ್ಷಣ ಎಚ್ಚರಿಕೆ ಮುಟ್ಟಿಸುತ್ತವೆ, ಒಳಪದರದವು ವಾರಗಟ್ಟಲೆ ನಿಧಾನ ಬಿಡುಗಡೆಯಾಗುತ್ತವೆ. ಫ್ರಾನ್ಸಿನ ಸೆಪಿಕ್ ಕಂಪನಿಯ ಮೊಂಟನೈಡ್ ಐಎಸ್ಎ 206 ಎಂಬ ತೈಲ ಈ ಬಗೆಯದು. ಕಾಲುಬಾಯಿ ಲಸಿಕೆ ತಯಾರಕರು ಅದನ್ನು ಜಗತ್ತಿನಾದ್ಯಂತ ಬಳಸುತ್ತಾರೆ. ಸೂಜಿ ತೆಳುವಾದದ್ದು, ನೋವು ಕಡಿಮೆಯಾದದ್ದು, ಸುತ್ತುಗಳ ಅಂತರ ಹೆಚ್ಚಿದ್ದು, ಈ ಮೂರೂ ಆ 'ಕೆಮಿಕಲ್' ಸುಧಾರಿಸಿದ್ದರ ಫಲ.

ಇನ್ನು ಪ್ರಾಣಿಜನ್ಯ ವಸ್ತುವಿನ ಪ್ರಶ್ನೆ. ಇದು ಹೊಸ ಕಾಲದ ಸೂಕ್ಷ್ಮ ಎಂದುಕೊಳ್ಳುವವರು ಜೈನ ವೈದ್ಯಪರಂಪರೆಯನ್ನು ಒಮ್ಮೆ ನೋಡಬೇಕು. ಒಂಬತ್ತನೇ ಶತಮಾನದ ಉಗ್ರಾದಿತ್ಯಾಚಾರ್ಯರು 'ಕಲ್ಯಾಣಕಾರಕ'ವನ್ನು ಬರೆದದ್ದು ಮಾಂಸ, ಮದ್ಯ, ಮಧು ಬಿಟ್ಟೂ ವೈದ್ಯ ಸಾಧ್ಯ ಎಂದು ತೋರಿಸಲು. ನೃಪತುಂಗನ ಸಭೆಯಲ್ಲಿ ಮಾಂಸೌಷಧದ ವಿರುದ್ಧ ಅವರು ವಾದ ಮಂಡಿಸಿದರೆಂಬುದು ಆ ಗ್ರಂಥದಿಂದಲೇ ತಿಳಿಯುತ್ತದೆ. ಹನ್ನೆರಡನೇ ಶತಮಾನದಲ್ಲಿ ಜಗದ್ದಳ ಸೋಮನಾಥ ಪೂಜ್ಯಪಾದರ ವೈದ್ಯಗ್ರಂಥವನ್ನು ಕನ್ನಡಕ್ಕೆ ತಂದ. ಆ ಹೊತ್ತಿಗೇ ಚಾಲುಕ್ಯ ರಾಜವಂಶದ ಜೈನ ಕವಿ ಕೀರ್ತಿವರ್ಮ ಕನ್ನಡದಲ್ಲಿ 'ಗೋವೈದ್ಯ' ಬರೆದ. ದನದ ರೋಗಕ್ಕೆ ಕನ್ನಡದಲ್ಲಿ ಬಂದ ಅತಿ ಹಳೆಯ ಕೃತಿ ಅದೇ. ಇವರಲ್ಲಿ ಯಾರೂ ವೈದ್ಯವನ್ನೇ ಬೇಡವೆನ್ನಲಿಲ್ಲ. ಮದ್ದಿನೊಳಗಿನ ಒಂದೊಂದೇ ವಸ್ತುವನ್ನು ಹಿಡಿದು ಕೇಳಿದರು. ಇಂದೂ ಮಾಡಬೇಕಾದದ್ದು ಅಷ್ಟೇ.

ಹಾಗೆ ಕೇಳುತ್ತ ಹೋದರೆ: ಅಲ್ಯೂಮಿನಿಯಂ ಜೆಲ್ ಖನಿಜ. ಸ್ಯಾಪೋನಿನ್ ತೊಗಟೆ. ಖನಿಜ ತೈಲ ನೆಲದಡಿಯ ಪೆಟ್ರೋಲಿಯಂ. ಎಣ್ಣೆ ಮತ್ತು ನೀರು ಬೇರೆಯಾಗದಂತೆ ಹಿಡಿದಿಡಲು ಸೇರಿಸುವ ಮಿಶ್ರಕದಲ್ಲಿ ಮಾತ್ರ ಓಲಿಕ್ ಆಮ್ಲದ ಅಂಶ ಇರುತ್ತದೆ. ಅದನ್ನು ಪ್ರಾಣಿಕೊಬ್ಬಿನಿಂದಲೂ ತೆಗೆಯಬಹುದು, ಸಸ್ಯದೆಣ್ಣೆಯಿಂದಲೂ ತೆಗೆಯಬಹುದು. ಹುಚ್ಚುಹಸುವಿನ ರೋಗದ ಭಯದ ನಂತರ ತಯಾರಕರು ಸಸ್ಯಮೂಲದ ಕಡೆ ವಾಲಿದ್ದಾರೆ. ಗೋಶಾಲೆಗಳು ಲಸಿಕೆ ಕಂಪನಿಗೆ ಪತ್ರ ಬರೆದು ಕೇಳಬಹುದಾದ ಸ್ಪಷ್ಟ ಪ್ರಶ್ನೆ ಇದು. ಮನುಷ್ಯರ ಕೆಲವು ಲಸಿಕೆಗಳಲ್ಲಿ ಬಳಸುವ ಸ್ಕ್ವಾಲೀನ್ ಎಂಬ ಎಣ್ಣೆಯ ಕಥೆ ಇನ್ನೂ ಸ್ವಾರಸ್ಯದ್ದು. ಅದು ಬರುತ್ತಿದ್ದುದು ಶಾರ್ಕ್ ಮೀನಿನ ಪಿತ್ತಜನಕಾಂಗದಿಂದ. ಈಗ ಬ್ರೆಜಿಲ್ಲಿನ ಕಬ್ಬಿನ ಸಕ್ಕರೆಯನ್ನು ಯೀಸ್ಟ್ ಮೂಲಕ ಹುದುಗಿಸಿ ಅದೇ ಅಣುವನ್ನು ಮಾಡುವ ವಿಧಾನ ಬಂದಿದೆ. 1933ರಿಂದ ಮೈಷುಗರ್ ಕಾರ್ಖಾನೆಯ ಸೈರನ್ ಕೇಳಿದ ಮಂಡ್ಯದವರಿಗೆ, ಕಬ್ಬು ಶಾರ್ಕನ್ನು ಉಳಿಸಬಲ್ಲದು ಎಂಬ ಸುದ್ದಿ ಹಿಡಿಸೀತು.

ಕಷ್ಟದ ಉತ್ತರ ಇರುವುದು ವೈರಸ್ ಬೆಳೆಸುವ ಕಡೆ. 1938ರ ಹೊತ್ತಿಗೆ ಜರ್ಮನಿಯ ರೀಮ್ಸ್ ದ್ವೀಪದಲ್ಲಿ ವಾಲ್ಡ್‌ಮನ್ ಮತ್ತು ಕೋಬೆ ಮಾಡಿದ ಮೊದಲ ಸಮರ್ಥ ಕಾಲುಬಾಯಿ ಲಸಿಕೆಗೆ ಬೇಕಾದ ವೈರಸ್ಸನ್ನು ಜೀವಂತ ದನಗಳಿಗೆ ರೋಗ ಹಚ್ಚಿ, ಅವುಗಳ ನಾಲಿಗೆಯ ಬೊಬ್ಬೆಗಳಿಂದ ತೆಗೆಯುತ್ತಿದ್ದರು. ಅದರಲ್ಲಿ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಆಗಲೇ ಇತ್ತು. 1940ರ ದಶಕದ ಕೊನೆಗೆ ಹಾಲೆಂಡಿನ ಫ್ರೆಂಕೆಲ್, ಕಸಾಯಿಖಾನೆಯ ದನಗಳ ನಾಲಿಗೆಯ ಪದರವನ್ನು ಗಾಜಿನ ಪಾತ್ರೆಯಲ್ಲಿಟ್ಟು ವೈರಸ್ ಬೆಳೆಸಿದ. 1960ರ ದಶಕದಲ್ಲಿ ಹ್ಯಾಮ್‌ಸ್ಟರ್ ಮರಿಯ ಮೂತ್ರಪಿಂಡದಿಂದ ಒಮ್ಮೆ ತೆಗೆದ ಜೀವಕೋಶಗಳು ಪ್ರಯೋಗಾಲಯದಲ್ಲಿ ತಾವೇ ವೃದ್ಧಿಯಾಗುತ್ತ ಹೋಗುವ ವಂಶವಾದವು. ಬಿಎಚ್‌ಕೆ-21 ಎಂಬ ಆ ವಂಶವೇ ಇಂದಿಗೂ ದೊಡ್ಡ ಉಕ್ಕಿನ ತೊಟ್ಟಿಗಳಲ್ಲಿ ತೇಲುತ್ತ ಲಸಿಕೆಗೆ ವೈರಸ್ ಒದಗಿಸುತ್ತಿದೆ. ಪ್ರತಿ ತಂಡಕ್ಕೂ ಹೊಸ ಪ್ರಾಣಿ ಬೇಕಿಲ್ಲ. ಆದರೆ ಆ ಜೀವಕೋಶಗಳಿಗೆ ಆಹಾರವಾಗಿ ದನದ ರಕ್ತಸಾರ ಬಳಸುವ ಪದ್ಧತಿ ಇದೆ. ರಕ್ತಸಾರವಿಲ್ಲದ ಪೋಷಕ ದ್ರವಗಳು ಈಗ ಲಭ್ಯ, ಎಲ್ಲ ಕಡೆ ಅಳವಟ್ಟಿಲ್ಲ. ಪರಿಶುದ್ಧ ಸಸ್ಯಾಹಾರಿ ಲಸಿಕೆ ಎಂದು ಯಾರಾದರೂ ಕಾಲುಬಾಯಿ ಲಸಿಕೆಯನ್ನು ಕರೆದರೆ ಅದು ಸತ್ಯವಲ್ಲ.

ಪರೀಕ್ಷೆಯದೂ ಹಾಗೆಯೇ. ಲಸಿಕೆಯ ಬಲ ಅಳೆಯುವ ಶಾಸ್ತ್ರೀಯ ವಿಧಾನದಲ್ಲಿ ಐದೈದು ದನಗಳ ಮೂರು ಗುಂಪುಗಳಿಗೆ ಬೇರೆಬೇರೆ ಪ್ರಮಾಣದ ಲಸಿಕೆ ಕೊಟ್ಟು, ನಂತರ ಲಸಿಕೆ ಇಲ್ಲದ ಎರಡು ದನಗಳ ಜೊತೆ ಅವುಗಳ ನಾಲಿಗೆಗೆ ಜೀವಂತ ವೈರಸ್ ಚುಚ್ಚುತ್ತಾರೆ. ಎಷ್ಟಕ್ಕೆ ರೋಗ ಬಂತೆಂದು ಎಣಿಸುತ್ತಾರೆ. ಇದರ ಬದಲು ರಕ್ತದಲ್ಲಿನ ಪ್ರತಿಕಾಯ ಅಳೆದು ಬಲವನ್ನು ಅಂದಾಜಿಸುವ ವಿಧಾನವನ್ನು ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ, ಅದು ಆಯಾ ಲಸಿಕೆಗೆ ಹೊಂದುತ್ತದೆಂದು ತೋರಿಸಿಕೊಟ್ಟಲ್ಲಿ, ಒಪ್ಪುತ್ತದೆ. ಸಮುದಾಯದ ಒತ್ತಾಯ ಎಲ್ಲಾದರೂ ಕೆಲಸಕ್ಕೆ ಬರುವುದಿದ್ದರೆ ಇಲ್ಲಿ. ಹಳ್ಳಿಯ ಕೊಟ್ಟಿಗೆಯಲ್ಲಿ ಸೂಜಿ ನಿರಾಕರಿಸುವುದರಿಂದ ಪ್ರಯೋಗಶಾಲೆಯ ಒಂದು ದನಕ್ಕೂ ಉಪಕಾರವಿಲ್ಲ.

ಲಸಿಕೆ ಇಲ್ಲದ ದಾರಿ ಯಾವುದು ಎಂಬುದನ್ನೂ ತಕ್ಕಡಿಗೆ ಹಾಕಬೇಕು. 2001ರಲ್ಲಿ ಬ್ರಿಟನ್ನಿನಲ್ಲಿ ಕಾಲುಬಾಯಿ ಜ್ವರ ಬಂದಾಗ ಸರ್ಕಾರ ಲಸಿಕೆಯ ದಾರಿ ಹಿಡಿಯಲಿಲ್ಲ. ರೋಗ ಬಂದ ಹಿಂಡುಗಳನ್ನೂ, ಅವುಗಳ ಸುತ್ತಲಿನ ಆರೋಗ್ಯವಂತ ಹಿಂಡುಗಳನ್ನೂ ಕೊಂದಿತು. 60 ಲಕ್ಷಕ್ಕೂ ಹೆಚ್ಚು ಕುರಿ, ದನ, ಹಂದಿಗಳು. ಮಾಂಸ ಮತ್ತು ಪಶು ರಫ್ತಿನಲ್ಲಿ 'ಲಸಿಕೆ ಇಲ್ಲದೆ ರೋಗಮುಕ್ತ' ಎಂಬ ದರ್ಜೆ ಉಳಿಸಿಕೊಳ್ಳುವುದು ಅದರ ಹಿಂದಿನ ಒಂದು ಮುಖ್ಯ ಲೆಕ್ಕ. ಭಾರತ ಆ ದಾರಿಯಲ್ಲಿ ನಡೆಯಲಿಲ್ಲ, ನಡೆಯುವಂತೆಯೂ ಇಲ್ಲ. ಕೊಲ್ಲದೆ ರೋಗ ಕಳೆಯಬಹುದು ಎಂಬುದಕ್ಕೆ ನಮ್ಮಲ್ಲೇ ಪೂರ್ವನಿದರ್ಶನ ಇದೆ. ಹಳ್ಳಿಗಳನ್ನೇ ಬರಿದು ಮಾಡುತ್ತಿದ್ದ ದೊಡ್ಡರೋಗ 2011ರಲ್ಲಿ ಭೂಮಿಯಿಂದಲೇ ಅಳಿದುಹೋಗಿದೆ ಎಂದು ಘೋಷಣೆಯಾಯಿತು. ಬೆಂಗಳೂರಿನ ಹೆಬ್ಬಾಳದಲ್ಲಿ ಇಂದು ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಾಗಿರುವ ಹಳೆಯ ಮೈಸೂರು ಸೀರಂ ಸಂಸ್ಥೆ ಹುಟ್ಟಿದ್ದು ಆ ರೋಗಕ್ಕೆ ಮದ್ದು ಮಾಡಲೆಂದೇ. ಲಸಿಕೆ ಎಂಬುದು ಇಲ್ಲದಿದ್ದರೆ ಅಹಿಂಸೆಯ ಪಕ್ಷಕ್ಕೆ ಈ ವಾದದಲ್ಲಿ ಕಾಲೂರಲು ಜಾಗವೇ ಇರುತ್ತಿರಲಿಲ್ಲ.

ಎಲ್ಲ ಲಸಿಕೆಗೂ ಸಹಾಯಕ ದ್ರವ್ಯ ಬೇಕೆಂದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಗೊಂದಲ ಹುಟ್ಟುವುದು ಅಲ್ಲೇ. 2022ರಲ್ಲಿ ರಾಜ್ಯದ ತುಂಬ ಚರ್ಮಗಂಟು ರೋಗ ಹಬ್ಬಿ ದನಗಳ ಜಾತ್ರೆ, ಸಾಗಾಟ ನಿಂತುಹೋದಾಗ ಹಾಕಿದ್ದು ಆಡಿನ ಸಿಡುಬಿನ ಲಸಿಕೆ. ಅದು ದುರ್ಬಲಗೊಳಿಸಿದ ಜೀವಂತ ವೈರಸ್, ಜೊತೆಗಾರ ಬೇಕಿಲ್ಲ. ಕೋಲಾರ ಜಿಲ್ಲೆಯ ಮಾಲೂರಿನ ಬಯೋವೆಟ್ ಸಂಸ್ಥೆಯ ಚರ್ಮಗಂಟು ಲಸಿಕೆಗೆ 2025ರ ಫೆಬ್ರುವರಿಯಲ್ಲಿ ಕೇಂದ್ರದ ಅನುಮತಿ ಸಿಕ್ಕಿತು. ಅದೂ ಜೀವಂತ ವೈರಸ್ಸಿನದೇ. 2022ರ ಜೂನ್‌ನಲ್ಲಿ ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಬಿಡುಗಡೆ ಮಾಡಿದ ಪ್ರಾಣಿಗಳ ಕೋವಿಡ್ ಲಸಿಕೆ ಆನೊಕೊವ್ಯಾಕ್ಸ್ ಇದಕ್ಕೆ ಎದುರು ಬಗೆ: ಸತ್ತ ವೈರಸ್, ಜೊತೆಗೆ ಅಲ್ಯೂಮಿನಿಯಂ ಜೆಲ್. ಕುರಿಗಳ ಪಿಪಿಆರ್ ಲಸಿಕೆ ಜೀವಂತ, ಒಂದು ಸೂಜಿಗೆ ವರ್ಷಗಳ ರಕ್ಷಣೆ. ಮಳೆಗಾಲದಲ್ಲಿ ನುಸಿಗಳು ಹರಡುವ ನೀಲಿ ನಾಲಿಗೆ ರೋಗದ ಐದು ಬಗೆಯ ಲಸಿಕೆ ಸತ್ತ ವೈರಸ್ಸಿನದು, ಜೊತೆಗಾರ ಬೇಕೇ ಬೇಕು.

ಕುರಿಯ ಮಾತು ಬಂದದ್ದರಿಂದ ಮಳವಳ್ಳಿಯ ವಿಷಯ. ಬಂಡೂರು ಕುರಿಯ ಹೆಸರು ಬಂದಿರುವುದೇ ಮಳವಳ್ಳಿ ತಾಲ್ಲೂಕಿನ ಬಂಡೂರಿನಿಂದ. ಅದು ಯಾವುದಕ್ಕೆ ಹೆಸರಾಗಿದೆ ಎಂಬುದು ಜೈನ ಮನಸ್ಸಿಗೆ ಹಿತವಾದ ಸಂಗತಿಯಲ್ಲ. ಆದರೆ ಕುರಿಯಲ್ಲಿ ಕಾಲುಬಾಯಿ ಜ್ವರ ಕಂಡೂ ಕಾಣದಂತೆ ಬಂದುಹೋಗುತ್ತದೆ, ಒಂದೆರಡು ದಿನ ಕುಂಟಿದಂತೆ ಅಷ್ಟೇ. ಅಷ್ಟರಲ್ಲಿ ಪಕ್ಕದ ಹಟ್ಟಿಯ ಹಸುವಿಗೆ ದಾಟಿರುತ್ತದೆ. ಒಂದು ಊರಿನ ಹಸುಗಳಿಗೆಲ್ಲ ಲಸಿಕೆ ಆಗಿ ಕುರಿಮಂದೆ ಬಿಟ್ಟುಹೋದರೆ ಬೇಲಿಯಲ್ಲಿ ಕಂಡಿ ಬಿಟ್ಟಂತೆ.

ಎಷ್ಟೇ ಒಳ್ಳೆಯ ಸಹಾಯಕ ದ್ರವ್ಯವಾದರೂ ತಂಪು ತಪ್ಪಿದರೆ ವ್ಯರ್ಥ. ಕಾಲುಬಾಯಿ ವೈರಸ್ಸಿನ ಕಣ ಬಿಸಿಗೆ ಬೇಗ ಒಡೆದು ಚೂರಾಗುತ್ತದೆ. ಚೂರುಗಳನ್ನು ನೋಡಿ ಕಲಿತ ದೇಹ ಇಡೀ ವೈರಸ್ಸನ್ನು ಗುರುತಿಸಲಾರದು. ಹಾಗೆಂದು ಬರ್ಫದ ಪೆಟ್ಟಿಗೆಯಲ್ಲಿ ಹೆಪ್ಪುಗಟ್ಟಿಸಿದರೂ ಕೆಟ್ಟಿತು. ಜೆಲ್ ಮುದ್ದೆಯಾಗುತ್ತದೆ, ಎಣ್ಣೆಯ ಮಿಶ್ರಣ ಒಡೆಯುತ್ತದೆ. 2ರಿಂದ 8 ಡಿಗ್ರಿ, ಅದಕ್ಕಿಂತ ಮೇಲೂ ಇಲ್ಲ ಕೆಳಗೂ ಇಲ್ಲ. ಒಡೆದ ಹಾಲಿನಂತೆ ಎಣ್ಣೆ ಬೇರೆ ನೀರು ಬೇರೆ ಆಗಿರುವ ಸೀಸೆಯನ್ನು ಯಾರೂ ಬಳಸಬಾರದು. ಅದನ್ನು ನೋಡಲು ಪಶುವೈದ್ಯ ಪದವಿ ಬೇಕಿಲ್ಲ, ದನದ ಒಡೆಯನೇ ನೋಡಬಹುದು. ಏಪ್ರಿಲ್ ಮೇ ತಿಂಗಳ ಬಿಸಿಲಿನಲ್ಲಿ ಮಳವಳ್ಳಿಯ ಒಳಹಳ್ಳಿಗೆ ಬೈಕಿನ ಮೇಲೆ ಪೆಟ್ಟಿಗೆ ಹೊತ್ತು ಹೋಗುವ ಸಿಬ್ಬಂದಿಯ ಕಷ್ಟ ದೊಡ್ಡದು. ಲಸಿಕೆ ಹಾಕಿಯೂ ರೋಗ ಬಂತು ಎಂಬ ದೂರಿನ ಹಿಂದೆ ಈ ಬಿಸಿಲು ಇರಬಹುದು, ತಪ್ಪಿದ ಬಲವರ್ಧಕ ಸೂಜಿ ಇರಬಹುದು. ದೇಶಕ್ಕೆ ಪೂರೈಕೆಯಾಗುವ ಲಸಿಕೆಯನ್ನು ಉತ್ತರ ಪ್ರದೇಶದ ಬಾಗಪತ್‌ನಲ್ಲಿರುವ ಚೌಧರಿ ಚರಣ್ ಸಿಂಗ್ ರಾಷ್ಟ್ರೀಯ ಪಶು ಆರೋಗ್ಯ ಸಂಸ್ಥೆ ಪರೀಕ್ಷಿಸುತ್ತದೆ. ಆದರೆ ಅಲ್ಲಿ ಉತ್ತೀರ್ಣವಾದ ಸೀಸೆ ಕೊಟ್ಟಿಗೆ ಮುಟ್ಟುವವರೆಗೆ ಹೇಗಿತ್ತು ಎಂಬುದನ್ನು ಅಲ್ಲಿಂದ ನೋಡಲಾಗದು.

ಗೋಶಾಲೆಗಳಿಗೆ ಇದು ಇನ್ನಷ್ಟು ಗಂಭೀರ. 2020ರ ಗೋಹತ್ಯೆ ನಿಷೇಧ ಕಾಯ್ದೆಯ ನಂತರ ವಶಪಡಿಸಿಕೊಂಡ ರಾಸುಗಳು, ಸಾಕಲಾರದೆ ಬಿಟ್ಟ ಗಂಡುಕರುಗಳು ರಾಜ್ಯದ ಗೋಶಾಲೆ, ಪಿಂಜರಾಪೋಲುಗಳಿಗೆ ಬರುತ್ತಲೇ ಇವೆ. ಲಾರಿಯಲ್ಲಿ ಬಂದ ದನಕ್ಕೆ ಹಿಂದೆ ಲಸಿಕೆ ಆಗಿದೆಯೋ ಇಲ್ಲವೋ ಅದು ಹೇಳಲಾರದು. ಕಿವಿಯ ಹಳದಿ ಓಲೆಯ 12 ಅಂಕಿಯ ಸಂಖ್ಯೆ ಹೇಳುತ್ತದೆ. ಭಾರತ್ ಪಶುಧನ್ ದಾಖಲೆಯಲ್ಲಿ ಆ ಸಂಖ್ಯೆ ಹಾಕಿದರೆ ಹಿಂದಿನ ಸೂಜಿಗಳ ವಿವರ ಪಶುವೈದ್ಯರಿಗೆ ಸಿಗುತ್ತದೆ. ಓಲೆ ಇಲ್ಲದ್ದನ್ನು ಲಸಿಕೆ ಆಗದ್ದೆಂದೇ ಎಣಿಸಿ, ಎರಡು ಮೂರು ವಾರ ಬೇರೆ ಕಟ್ಟಿ, ತಿಂಗಳ ಅಂತರದಲ್ಲಿ ಎರಡು ಸೂಜಿ ಹಾಕಿಸುವುದು ಸರಿ. ಕರುಣೆಯಿಂದ ನೇರವಾಗಿ ಹಿಂಡಿಗೆ ಬಿಟ್ಟ ಒಂದು ದನ ಇಡೀ ಹಿಂಡನ್ನು ಮಲಗಿಸಬಲ್ಲದು. ಹಿಂಡಿನಲ್ಲಿ ಮುದಿ, ಬಡಕಲು ದನಗಳೇ ಹೆಚ್ಚಿರುವ ಕಡೆ ಲಸಿಕೆಗೆ ದೇಹದ ಪ್ರತಿಕ್ರಿಯೆಯೂ ಮಂದ. ಅಂಥಲ್ಲಿ ಜಂತುನಾಶಕ ಕೊಟ್ಟು, ಮೇವು ಖನಿಜಾಂಶ ಸರಿಮಾಡಿ ನಂತರ ಸೂಜಿ ಹಾಕಿಸುವುದು ಮೇಲೆಂದು ಪಶುವೈದ್ಯರು ಹೇಳುತ್ತಾರೆ. ಇನ್ನು ಲಸಿಕೆಯಾದ ಹಸುವಿನ ಹಾಲನ್ನು ಕುಡಿಯಬಹುದೇ, ಅಭಿಷೇಕಕ್ಕೆ ಬಳಸಬಹುದೇ ಎಂದು ಕೇಳುವವರಿದ್ದಾರೆ. ಕಾಲುಬಾಯಿ ಲಸಿಕೆಗೆ ಹಾಲು ಬಿಡುವ ಅವಧಿ ಸೊನ್ನೆ ದಿನ. ಅಂದಿನ ಹಾಲನ್ನೇ ಬಳಸಬಹುದು.

ಮದ್ದೂರು ತಾಲ್ಲೂಕಿನ ಆರೇತಿಪ್ಪೂರಿನ ಬೆಟ್ಟಕ್ಕೆ, ನಾಗಮಂಗಲದ ಕಂಬದಹಳ್ಳಿಗೆ ಹೋಗಿಬರುವ ಯಾತ್ರಿಕರು ಸುತ್ತಲಿನ ಹಳ್ಳಿಗಳ ದನಗಳನ್ನು ನೋಡಿಯೇ ಇರುತ್ತಾರೆ. ಆ ಹಳ್ಳಿಗಳಲ್ಲಿ ಲಸಿಕೆಯ ಸುತ್ತು ನಡೆಯುವ ದಿನ ದನಗಳನ್ನು ಮೇಯಲು ಬಿಡದೆ ನೆರಳಿನಲ್ಲಿ ಕಟ್ಟಿ, ನೀರು ಇಟ್ಟು ಕಾಯುವುದು ಮನೆಯವರ ಪಾಲಿನ ಕೆಲಸ. ಪ್ರತಿ ಹಸುವಿಗೂ ಹೊಸ ಸೂಜಿ ಕೇಳುವುದೂ ಅವರದೇ. ಚುಚ್ಚಿದ ಜಾಗವನ್ನು ಒಂದೆರಡು ನಿಮಿಷ ಮೆದುವಾಗಿ ತಿಕ್ಕಿದರೆ ಊತ ಕಡಿಮೆ. ಊತ ಇಳಿಯದಿದ್ದರೆ, ಜೊಲ್ಲು ಸುರಿದರೆ, ದನ ಕುಂಟಿದರೆ ಸಂಚಾರಿ ಪಶು ಚಿಕಿತ್ಸಾಲಯದ 1962ಕ್ಕೆ ಕರೆ ಮಾಡಬಹುದು.